ಜಾನ್ ಡ್ರೇಕ್ ಪಕ್ಕದಲ್ಲಿ ಸಿಐಡಿ 999: ಹಳೇ ಬ್ರಿಟಿಷ್ ಗೂಢಚಾರಿ ಧಾರಾವಾಹಿ ಕೂಡಿಡುವವರಿಗೆ ಕೆಜಿಎಫ್ ಸೂತ್ರಗಳು

ಕೆಜಿಎಫ್‌ಗೆ 'ಲಿಟಲ್ ಇಂಗ್ಲೆಂಡ್' ಅನ್ನೋ ಬಿರುದು ಹಳೆಯದು. ಇಲ್ಲಿ ಚಿನ್ನದ ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿಯವರು ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆ, ಚರ್ಚು ಎಲ್ಲ ಬಿಟ್ಟುಹೋದರು. ಟಿವಿ ಮಾತ್ರ ಬಿಟ್ಟುಹೋಗಲಿಲ್ಲ, ಯಾಕೆಂದರೆ ಅವರು ಗಂಟುಮೂಟೆ ಕಟ್ಟುವಾಗ ಈ ಊರಲ್ಲಿ ಟಿವಿಯೇ ಇರಲಿಲ್ಲ. ಬ್ರಿಟನ್ನಿನಲ್ಲಿ ಐಟಿವಿ ವಾಹಿನಿ ಶುರುವಾದದ್ದು 1955ರಲ್ಲಿ. ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡದ್ದು 1956ರಲ್ಲಿ. ಗೂಢಚಾರಿ ಧಾರಾವಾಹಿಗಳ ಭರಾಟೆಗೆ ದಾರಿ ಮಾಡಿದ 'ಡೇಂಜರ್ ಮ್ಯಾನ್' ಬಂದದ್ದು 1960ರಲ್ಲಿ. ನಮ್ಮ ಬೆಂಗಳೂರು ದೂರದರ್ಶನ ಕಣ್ಣುಬಿಟ್ಟದ್ದು 1981ರಲ್ಲಿ. ಹಾಗಾಗಿ ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ನಮಗೆ ಜಾನ್ ಡ್ರೇಕ್, ಎಮ್ಮಾ ಪೀಲ್, ಜಾರ್ಜ್ ಸ್ಮೈಲಿ ಅನ್ನುವ ಆ ಧಾರಾವಾಹಿಗಳ ಗೂಢಚಾರಿಗಳೆಲ್ಲ ಸಿಗೋದು ಕ್ಯಾಸೆಟ್ಟಿನಲ್ಲಿ, ಡಿಸ್ಕಿನಲ್ಲಿ. ಈ ಹುಚ್ಚು ಹತ್ತಿಸಿಕೊಂಡವರಿಗೆ ನಾಲ್ಕು ಮಾತು.

1. ಬೇರೆಯವರ ನೆನಪಿಗೆ ದುಡ್ಡು ಕೊಡಬೇಡಿ.

ಇಂಗ್ಲೆಂಡಿನ ಅರವತ್ತು ದಾಟಿದ ಗಿರಾಕಿ ಒಂದು ಹಳೇ ಬಾಕ್ಸ್ ಸೆಟ್ಟಿಗೆ ಸುರಿಯುವ ದುಡ್ಡಿನಲ್ಲಿ ಅರ್ಧ ಅವನ ಬಾಲ್ಯಕ್ಕೆ ಹೋಗುತ್ತದೆ. ಶನಿವಾರ ಸಂಜೆ ಅಪ್ಪನ ಜೊತೆ ಕೂತು ನೋಡಿದ್ದು, ಚಾಕಲೇಟ್ ತಿಂದದ್ದು, ಎಲ್ಲ ಸೇರಿ ಆ ಬೆಲೆ. ನಮಗೆ ಆ ಬಾಧೆ ಇಲ್ಲ. ನಾವು ಇವನ್ನು ಮೊದಲ ಸಲ ನೋಡುತ್ತಿರುವವರು, ಕಥೆ ಚೆನ್ನಾಗಿದೆಯೋ ಇಲ್ಲವೋ ಅಷ್ಟೇ ನಮ್ಮ ಲೆಕ್ಕ. ಇದು ನಮ್ಮ ದೊಡ್ಡ ಅನುಕೂಲ. ಟಿನ್ ಡಬ್ಬಿಯ ವಿಶೇಷ ಆವೃತ್ತಿ, ಪೋಸ್ಟ್‌ಕಾರ್ಡ್, ನಂಬರ್ ಹಾಕಿದ ಪ್ರತಿ, ಇವೆಲ್ಲ ನೆನಪಿನ ಗಿರಾಕಿಗಳಿಗೆ ಇರಲಿ. ಅದೇ ಕಂತುಗಳಿರುವ ಸಾದಾ ಡಿವಿಡಿ ತಗೊಳ್ಳಿ. ಕೆಳಗಿನ ಸೂತ್ರಗಳೆಲ್ಲ ಹೊರಡೋದು ಇಲ್ಲಿಂದಲೇ. ಕೊನೆಯದೊಂದು ಬಿಟ್ಟು, ಅಲ್ಲಿ ನೆನಪು ನಮ್ಮದೇ.

2. ಒಂದನ್ನು ಹಿಡಿದು ಪೂರ್ತಿ ಮಾಡಿ.

ಹತ್ತು ಸರಣಿಯ ಒಂದೊಂದು ಡಿಸ್ಕ್ ಇಟ್ಟುಕೊಂಡವನ ಹತ್ತಿರ ಸಂಗ್ರಹ ಇಲ್ಲ, ಗುಜರಿ ಇದೆ. ಶುರುಮಾಡೋಕೆ 'ಡೇಂಜರ್ ಮ್ಯಾನ್' ಒಳ್ಳೆಯದು. ಮೊದಲ ಸರಣಿಯ ಕಂತುಗಳು ಅರ್ಧ ಗಂಟೆಯ ಲೆಕ್ಕದವು, ಜಾಹೀರಾತು ಕಳೆದು ಸುಮಾರು 25 ನಿಮಿಷ. ಶಿಫ್ಟ್ ಮುಗಿಸಿ ಬಂದವರು ಊಟದ ತಟ್ಟೆ ಹಿಡಿದು ಒಂದು ಮುಗಿಸಬಹುದು. ಪ್ಯಾಟ್ರಿಕ್ ಮೆಗೂಹನ್ ಆಡಿದ ಜಾನ್ ಡ್ರೇಕ್ ಬಂದೂಕು ಹಿಡಿಯೋದು ಅಪರೂಪ, ಹೆಂಗಸರ ಹಿಂದೆ ಬೀಳೋದು ಇಲ್ಲವೇ ಇಲ್ಲ. ಜೇಮ್ಸ್ ಬಾಂಡ್ ಪಾತ್ರ ಕೇಳಿಕೊಂಡು ಬಂದಾಗ ಈ ಮನುಷ್ಯ ಒಲ್ಲೆ ಅಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮನೆಮಂದಿಯೆಲ್ಲ ಮುಜುಗರವಿಲ್ಲದೆ ಕೂತು ನೋಡಬಹುದಾದ ಗೂಢಚಾರಿ ಇವನು ಅಂತ ನನ್ನ ಅಭಿಪ್ರಾಯ.

3. ಕಂತಿನ ಲೆಕ್ಕ ಬೀರು ಬಾಗಿಲ ಒಳಗೆ ಅಂಟಿಸಿ.

ಅಂಗಡಿಯವನು 'ಕಂಪ್ಲೀಟ್' ಅಂದರೆ ನಂಬಬೇಡಿ, ಎಣಿಸಿ. 'ಡೇಂಜರ್ ಮ್ಯಾನ್' ಸಣ್ಣ ಕಂತು 39, ಒಂದು ಗಂಟೆ ಲೆಕ್ಕದ ದೊಡ್ಡ ಕಂತು 47. ಕೊನೆಯ ಎರಡು ಮಾತ್ರ ಬಣ್ಣದಲ್ಲಿವೆ. 'ದಿ ಪ್ರಿಸನರ್' 17. 'ದಿ ಸೇಂಟ್' 118, ಅದರಲ್ಲಿ 71 ಕಪ್ಪುಬಿಳುಪು. 'ಮ್ಯಾನ್ ಇನ್ ಎ ಸೂಟ್‌ಕೇಸ್' 30, 'ದಿ ಚಾಂಪಿಯನ್ಸ್' 30, 'ಡಿಪಾರ್ಟ್‌ಮೆಂಟ್ ಎಸ್' 28. 'ದಿ ನ್ಯೂ ಅವೆಂಜರ್ಸ್' 26. 'ದಿ ಸ್ಯಾಂಡ್‌ಬ್ಯಾಗರ್ಸ್' 20. 'ರೈಲಿ, ಏಸ್ ಆಫ್ ಸ್ಪೈಸ್' 12. ಬಿಬಿಸಿಯ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' 7, ಅದರ ಮುಂದುವರಿಕೆ 'ಸ್ಮೈಲೀಸ್ ಪೀಪಲ್' 6.

ಎರಡು ಕಡೆ ಎಡವುವವರು ಜಾಸ್ತಿ. ಅಮೆರಿಕದಲ್ಲಿ 'ಟಿಂಕರ್ ಟೈಲರ್' ಅನ್ನು ಕತ್ತರಿಸಿ ಜೋಡಿಸಿ 6 ಕಂತಿಗೆ ಇಳಿಸಿದ್ದಾರೆ. ಸ್ಮೈಲಿ ಆದ ಅಲೆಕ್ ಗಿನ್ನೆಸ್ ಸುಮ್ಮನೆ ಕನ್ನಡಕ ಒರೆಸುತ್ತ ಕೂರುವುದೇ ಆ ಧಾರಾವಾಹಿಯ ಜೀವ, ಅದಕ್ಕೆ ಕತ್ತರಿ ಹಾಕಿದ್ದನ್ನು ನೋಡಬೇಡಿ. ಇನ್ನೊಂದು, ಅದೇ ಅಮೆರಿಕದಲ್ಲಿ 'ಡೇಂಜರ್ ಮ್ಯಾನ್' ದೊಡ್ಡ ಕಂತುಗಳಿಗೆ 'ಸೀಕ್ರೆಟ್ ಏಜೆಂಟ್' ಅಂತ ಹೆಸರಿಟ್ಟು ಬೇರೆ ಶೀರ್ಷಿಕೆ ಹಾಡು ಅಂಟಿಸಿದ್ದರು. ಹೆಸರು ಬೇರೆ ಅಂತ ಎರಡನ್ನೂ ಕೊಂಡರೆ ಸಾಮಾನು ಒಂದೇ, ದುಡ್ಡು ಎರಡು ಸಲ.

4. ಇಲ್ಲದ್ದನ್ನು ಹುಡುಕಿಕೊಂಡು ಹೋಗಬೇಡಿ.

'ದಿ ಅವೆಂಜರ್ಸ್' ಒಟ್ಟು 161 ಕಂತು. ಆದರೆ 1961ರ ಮೊದಲ ಸರಣಿಯ 26 ಕಂತಿನಲ್ಲಿ ಪೂರ್ತಿ ಉಳಿದಿರೋದು ಮೂರೇ ಮೂರು, ಜೊತೆಗೆ ಮೊದಲ ಕಂತಿನ ಒಂದು ತುಂಡು. ಆ ಮೂರರಲ್ಲಿ ಒಂದು ಸಿಕ್ಕಿದ್ದು 2016ರಲ್ಲಿ. ಎಡ್ವರ್ಡ್ ವುಡ್‌ವರ್ಡ್ ಆಡಿದ 'ಕ್ಯಾಲನ್' ಕಥೆಯೂ ಇದೇ, ಕಪ್ಪುಬಿಳುಪು ಕಾಲದ ಎಷ್ಟೋ ಕಂತು ಇಲ್ಲ. ಆಗ ಎರಡಿಂಚು ಅಗಲದ ವಿಡಿಯೋ ಟೇಪು ಬಲು ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ ಇನ್ನೊಂದು ಕಾರ್ಯಕ್ರಮ ತುಂಬೋದು ಕಂಪನಿಗಳ ಪದ್ಧತಿ. ಮುಂದೊಂದು ದಿನ ಜನ ಇದನ್ನು ಮನೆಗೆ ಕೊಂಡೊಯ್ದು ನೋಡುತ್ತಾರೆ ಅಂತ ಯಾರಿಗೆ ಹೊಳೆದೀತು?

'ಡೇಂಜರ್ ಮ್ಯಾನ್', 'ಸೇಂಟ್', 'ಪ್ರಿಸನರ್' ಒಂದು ಕಂತೂ ತಪ್ಪದೆ ಉಳಿದದ್ದಕ್ಕೆ ಕಾರಣ ಐಟಿಸಿ ಕಂಪನಿಯ ಲ್ಯೂ ಗ್ರೇಡ್ ಅವರ ವ್ಯಾಪಾರ ಬುದ್ಧಿ. ಅಮೆರಿಕಕ್ಕೆ ಮಾರಬೇಕು ಅಂತ ಅವನ್ನು ಸಿನಿಮಾದ ಹಾಗೆ 35 ಎಂಎಂ ಫಿಲ್ಮಿನಲ್ಲೇ ತೆಗೆಸಿದರು. ಮಾರುವ ಮಾಲು ಅಂದಮೇಲೆ ಜೋಪಾನ ಆಗಲೇಬೇಕಲ್ಲ. ಆದ್ದರಿಂದ ಯಾರಾದರೂ 'ಅವೆಂಜರ್ಸ್ ಮೊದಲ ಸೀಸನ್ ಪೂರ್ತಿ ಇದೆ, ಕ್ವಾಲಿಟಿ ಸ್ವಲ್ಪ ಡಲ್' ಅಂತ ಮೆಸೇಜು ಹಾಕಿದರೆ ಉತ್ತರ ಕೊಡುವ ಕಷ್ಟವೂ ಬೇಡ.

5. ಫಿಲ್ಮೋ ಟೇಪೋ ಕೇಳಿಕೊಂಡು ಬ್ಲೂ-ರೇಗೆ ಕೈ ಹಾಕಿ.

ಫಿಲ್ಮಿನಲ್ಲಿ ತೆಗೆದದ್ದರಲ್ಲಿ ಬ್ಲೂ-ರೇಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುತ್ತದೆ. ವೇಲ್ಸ್‌ನ ಪೋರ್ಟ್‌ಮೇರಿಯನ್ ಊರಿನಲ್ಲಿ ಚಿತ್ರಿಸಿದ 'ಪ್ರಿಸನರ್' ನೋಡಿ, ಗೋಡೆಯ ಸುಣ್ಣದ ಪದರ ಕಾಣಿಸುವಷ್ಟು ಸ್ವಚ್ಛ. 'ಸ್ಯಾಂಡ್‌ಬ್ಯಾಗರ್ಸ್' ಹಾಗಲ್ಲ. ಆಫೀಸಿನ ದೃಶ್ಯಗಳೆಲ್ಲ ಸ್ಟುಡಿಯೋದ ವಿಡಿಯೋ ಟೇಪಿನಲ್ಲಿ ಆದದ್ದು. ಅದರಲ್ಲಿ ಇರೋದೇ 625 ಗೆರೆ. ಎಷ್ಟು ದೊಡ್ಡ ಡಿಸ್ಕಿಗೆ ತುಂಬಿದರೂ 626ನೆಯದು ಬರೋದಿಲ್ಲ. ಡಿವಿಡಿ ಸಾಕು. ಅಂದಹಾಗೆ 'ಸ್ಯಾಂಡ್‌ಬ್ಯಾಗರ್ಸ್' ಬರೆದ ಇಯಾನ್ ಮ್ಯಾಕಿಂಟೋಶ್ 1979ರಲ್ಲಿ ಅಲಾಸ್ಕಾ ಕಡೆ ಪುಟ್ಟ ವಿಮಾನದಲ್ಲಿ ಹೋದವರು ವಿಮಾನದ ಸಮೇತ ಕಾಣೆಯಾದರು, ಇವತ್ತಿಗೂ ಪತ್ತೆ ಇಲ್ಲ.

6. ರೀಜನ್ ನಂಬರ್ ಬಾಯಿಪಾಠ ಮಾಡಿ.

ಡಿವಿಡಿಯಲ್ಲಿ ಅಮೆರಿಕ, ಕೆನಡಾ 1. ಬ್ರಿಟನ್ 2. ಆಸ್ಟ್ರೇಲಿಯಾ 4. ನಾವು 5. ಬ್ಲೂ-ರೇ ಬಂದರೆ ಅಕ್ಷರ: ಅಮೆರಿಕ ಎ, ಬ್ರಿಟನ್ ಆಸ್ಟ್ರೇಲಿಯಾ ಎರಡೂ ಬಿ, ಭಾರತ ಸಿ. ಡಿವಿಡಿಗೆ ಎಲ್ಲ ರೀಜನ್ ಓದುವ ಪ್ಲೇಯರ್ ನಮ್ಮಲ್ಲಿ ಕಷ್ಟವಲ್ಲ, ಬ್ಲೂ-ರೇಗೆ ಸುಲಭವಲ್ಲ. ಕೊಳ್ಳುವ ಮುಂಚೆ ಒಂದು ಬ್ರಿಟಿಷ್ ಡಿಸ್ಕ್ ಹಾಕಿ ಅಂಗಡಿಯಲ್ಲೇ ಓಡಿಸಿ ನೋಡಿ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದಕ್ಕೆ ಎಲ್ಲಿ ನಿಂತಿತೋ ಅಲ್ಲೇ ಶಾಶ್ವತ. ಒಂದು ಸಮಾಧಾನ ಅಂದರೆ ಬ್ರಿಟನ್, ಆಸ್ಟ್ರೇಲಿಯಾ, ಭಾರತ ಮೂರೂ ಪಾಲ್ ಪದ್ಧತಿಯವು. ಚಿತ್ರದ ವೇಗ, ಗೆರೆ ಎಲ್ಲ ಹೊಂದುತ್ತವೆ.

7. ಕ್ಯಾಸೆಟ್ ಬೇಕೇ ಬೇಕು ಅನ್ನುವವರು ಮೊದಲು ವಿಸಿಆರ್ ಹುಡುಕಿ.

ಕೊನೆಗೆ ಉಳಿದಿದ್ದ ತಯಾರಕ, ಜಪಾನಿನ ಫುನಾಯ್, 2016ರಲ್ಲಿ ವಿಸಿಆರ್ ನಿಲ್ಲಿಸಿತು. ಈಗ ಇರೋದೆಲ್ಲ ಹಳೆಯವು, ರಿಪೇರಿ ಗೊತ್ತಿರುವ ಕೈಗಳೂ ಕಡಿಮೆ. ಕ್ಯಾಸೆಟ್ ಸಿಕ್ಕಿತು ಅನ್ನಿ. ತಕ್ಷಣ ಹಾಕಬೇಡಿ. ಮುಂದಿನ ಮುಚ್ಚಳದ ಪಕ್ಕದ ಪುಟ್ಟ ಗುಂಡಿ ಒತ್ತಿ ಮುಚ್ಚಳ ಎತ್ತಿ, ಟೇಪಿನ ಅಂಚು ನೋಡಿ. ಆಮೇಲೆ ಪಾರದರ್ಶಕ ಕಿಟಕಿಗೆ ಟಾರ್ಚು ಹಿಡಿದು ಸುರುಳಿಯ ಮೇಲೆ ಕಣ್ಣಾಡಿಸಿ. ಕಪ್ಪು ಮಿರಮಿರ ಅನ್ನುತ್ತಿದ್ದರೆ ಸರಿ. ಬೂದಿ ಉದುರಿದ ಹಾಗೆ ಬಿಳಿ ಚುಕ್ಕೆ, ಬಿಳಿ ಗೆರೆ ಕಂಡರೆ ಅದು ಬೂಷ್ಟು. ಅದನ್ನು ಒಮ್ಮೆ ಓಡಿಸಿದರೆ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಬಿಟ್ಟುಬಿಡಿ, ಎಷ್ಟೇ ಅಪರೂಪದ್ದಾಗಲಿ.

8. ಡಿಸ್ಕಿನ ಮುಖ ನೋಡಿ ಮರುಳಾಗಬೇಡಿ, ತಿರುಗಿಸಿ.

ಅಚ್ಚು ಹಾಕಿದ ಅಸಲಿ ಡಿವಿಡಿಯ ಅಡಿ ಸಾಮಾನ್ಯವಾಗಿ ಬೆಳ್ಳಿ ಬಣ್ಣ. ನೇರಳೆ ಛಾಯೆ ಹೊಡೆದರೆ ಯಾರೋ ಮನೆಯಲ್ಲಿ ಸುಟ್ಟದ್ದು. ನಡುವಿನ ತೂತಿನ ಸುತ್ತ ಉಂಗುರದಲ್ಲಿ ಸಣ್ಣ ಅಕ್ಷರ, ನಂಬರು ಕೊರೆದಿರುತ್ತದೆ, ಅದಿಲ್ಲದಿದ್ದರೆ ಅನುಮಾನಪಡಿ. ಬ್ರಿಟಿಷ್ ಡಬ್ಬಿಯ ಮೇಲೆ ಅಲ್ಲಿನ ಸೆನ್ಸಾರ್ ಮಂಡಳಿಯ ಗುರುತು ಇರುತ್ತದೆ: ಯು, ಪಿಜಿ, 12, 15. ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನಿಂದ ಅಂಚಿಗೆ ಹೋಗುವ ಗೀರು ಅಷ್ಟು ಅಪಾಯವಲ್ಲ, ಪ್ಲೇಯರ್ ಸುಧಾರಿಸಿಕೊಳ್ಳುತ್ತದೆ. ವೃತ್ತದ ಜೊತೆಗೇ ಸುತ್ತುವ ಗೀರು ಅಪಾಯ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಇದೇ ಭಂಗಿಯಲ್ಲಿ ಫೋಟೋ ಕೇಳಿ. ಡಬ್ಬಿಯ ಫೋಟೋ ಮಾತ್ರ ಕಳಿಸಿ 'ಮಿಂಟ್ ಕಂಡೀಷನ್ ಸಾರ್' ಅನ್ನುವವರಿಗೆ ಯುಪಿಐ ಮಾಡಬೇಡಿ.

ಹಳೇ ಧಾರಾವಾಹಿಗಳನ್ನು ರಾಶಿ ರಾಶಿ ಹೊರತಂದ ನೆಟ್‌ವರ್ಕ್ ಅನ್ನುವ ಬ್ರಿಟಿಷ್ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ಅವರ ಹೆಸರು ಕಂಡರೆ ಇನ್ನೆಂದೂ ಸಿಗದು ಅಂತ ಬೆಲೆ ಏರಿಸುವವರಿದ್ದಾರೆ. ಐಟಿಸಿಯ ಜನಪ್ರಿಯ ಸರಣಿಗಳು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಅಚ್ಚಾಗಿವೆ. ಆಸ್ಟ್ರೇಲಿಯಾದ ಪ್ರತಿ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ.

9. ನೆಂಟರ ಸೂಟ್‌ಕೇಸಿನ ಮೇಲೆ ಕಣ್ಣಿಡಿ.

ಇದು ಕೆಜಿಎಫ್‌ನವರಿಗೇ ಇರುವ ವರ. ಚಾಂಪಿಯನ್ ರೀಫ್ಸ್, ಊರ್ಗಾಂನ ಎಷ್ಟೋ ಆಂಗ್ಲೋ-ಇಂಡಿಯನ್ ಮನೆತನಗಳು ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗಿ ನೆಲೆನಿಂತಿವೆ. ಕ್ರಿಸ್‌ಮಸ್‌ಗೆ ಬರುತ್ತಾರೆ, ಹಳೇ ಶಾಲೆ ನೋಡುತ್ತಾರೆ, ಸಮಾಧಿಗೆ ಹೂವಿಟ್ಟು ಹೋಗುತ್ತಾರೆ. ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹಳೇ ಡಿವಿಡಿ ಚಿಲ್ಲರೆ ಕಾಸಿಗೆ ಬಿದ್ದಿರುತ್ತವೆ. 'ಆಂಟಿ, ಬರುವಾಗ ಏನೂ ತರಬೇಡಿ, ಈ ಒಂದು ಡಬ್ಬಿ ಕಂಡರೆ ಮಾತ್ರ ಹಾಕ್ಕೊಂಡು ಬನ್ನಿ' ಅಂತ ನವೆಂಬರಿನಲ್ಲೇ ಹೇಳಿಡಿ, ಚೀಟಿಯಲ್ಲಿ ಹೆಸರು, ರೀಜನ್ ಎರಡೂ ಬರೆದು. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಡಿಸ್ಕಿನ ಬೆಲೆಯನ್ನೇ ನುಂಗಬಹುದು, ಲೆಕ್ಕ ಹಾಕದೆ ಆರ್ಡರ್ ಮಾಡಬೇಡಿ. ಡಬ್ಬಿಗಳು ಭಾರ ಅಂತ ಆಂಟಿ ಗೊಣಗಿದರೆ ಡಿಸ್ಕ್ ಮತ್ತು ಕಾಗದ ಮಾತ್ರ ತರಲಿ, ಖಾಲಿ ಡಬ್ಬಿ ಇಲ್ಲೇ ಸಿಗುತ್ತದೆ.

ಇನ್ನೊಂದು ಮೂಲ ಊರಿನ ಗುಜರಿ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಗಣಿ ಮುಚ್ಚಿದ ಮೇಲೆ ಊರು ಬಿಡುವವರ ಸಾಲು ನಿಂತಿಲ್ಲ. ಮನೆ ಖಾಲಿ ಮಾಡುವಾಗ ಪುಸ್ತಕ, ಕ್ಯಾಸೆಟ್ಟು, ಸಿಡಿ ಎಲ್ಲ ಒಂದೇ ಮೂಟೆ. ರಾಬರ್ಟ್‌ಸನ್‌ಪೇಟೆಯ ಗುಜರಿ ಅಣ್ಣನಿಗೆ 'ಸಿಡಿ ಡಬ್ಬ ಬಂದರೆ ಒಂದು ಫೋನ್ ಹಾಕಿ' ಅಂತ ನಂಬರ್ ಕೊಟ್ಟಿಡಿ, ಪ್ಲಾಸ್ಟಿಕ್ಕಿನ ಕೆಜಿ ಲೆಕ್ಕಕ್ಕಿಂತ ಹತ್ತು ರೂಪಾಯಿ ಜಾಸ್ತಿ ಕೊಡಿ. ಮುಂದಿನ ಸಲ ಅವನೇ ನೆನಪಿಟ್ಟು ಕರೆಯುತ್ತಾನೆ.

10. ಸೈನೈಡ್ ಗುಡ್ಡ ಮರೆಯಬೇಡಿ.

ಯಶ್ ಅವರ 'ಕೆಜಿಎಫ್' ಸಿನಿಮಾ ನೋಡಿದವರಿಗೆ ಆ ಗುಡ್ಡ ಒಂದು ಸೆಟ್ಟು. ನಮಗೆ ಅದು ಗಾಳಿ ಎದ್ದ ದಿನ ಒಗೆದ ಬಟ್ಟೆಯ ಮೇಲೆ, ತಟ್ಟೆಯ ಮೇಲೆ, ಟಿವಿಯ ಮೇಲೆ ಕೂರುವ ಪುಡಿ. ಅದಿರು ಅರೆದು ಚಿನ್ನ ತೆಗೆದು ಉಳಿದ ಹಿಟ್ಟಿನಂಥ ಕಲ್ಲುಪುಡಿ ಅದು, ಗಾಜು ಗೀರುವಷ್ಟು ಗಟ್ಟಿ. ಡಿಸ್ಕಿನ ಮೇಲೆ ಕೂತಿದ್ದನ್ನು ಪಂಚೆ ಅಂಚಿನಿಂದ ಗುಂಡಗೆ ಒರೆಸಿದರೆ ಆಗೋದೇ ಎಂಟನೇ ಸೂತ್ರದ ಆ ಸುತ್ತುಗೀರು. ಮೊದಲು ಮೆತ್ತನೆ ಬ್ರಷ್ಷಿನಿಂದ ಉದುರಿಸಿ. ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಪ್ಲೇಯರ್ ಮೇಲೆ ಬಟ್ಟೆ ಹೊದಿಸಿಡಿ, ಓಡುವಾಗ ಮಾತ್ರ ತೆಗೆಯಿರಿ. ಆಷಾಢದ ಗಾಳಿಯಲ್ಲಿ ಕಿಟಕಿ ತೆರೆದು 'ಪ್ರಿಸನರ್' ನೋಡುವ ಶೋಕಿ ಬೇಡ.

ಪುಡಿ ಸಾಲದು ಅಂತ, ಗಣಿ ಕಾರ್ಮಿಕರ ಹಳೇ ಲೈನ್ ಮನೆಗಳ ಶೀಟು ಏಪ್ರಿಲಿನಲ್ಲಿ ಕಾಯುತ್ತದೆ. ಡಿಸ್ಕು, ಕ್ಯಾಸೆಟ್ಟು ಎರಡೂ ನಿಲ್ಲಿಸಿ, ಅಟ್ಟದ ಮೇಲಲ್ಲ, ಬೀರುವಿನ ಕೆಳ ಅರೆಯಲ್ಲಿ ಇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಅಲ್ಲಿ ಹಾಕಿ.

11. ಕರೆಂಟಿನ ವಿಷಯ ಎರಡೇ ಮಾತು.

ಬ್ರಿಟನ್ನಿನಿಂದ ಬಂದ ಪ್ಲೇಯರ್ ನಮ್ಮ 230 ವೋಲ್ಟಿಗೆ ಸರಿ, ಪಿನ್ನು ಮಾತ್ರ ಬದಲಿಸಿ. ಅಮೆರಿಕದ್ದನ್ನು ನೇರ ಸಿಕ್ಕಿಸಿದರೆ ಹೊಗೆ ಬರಬಹುದು. 1902ರಲ್ಲೇ ಶಿವನಸಮುದ್ರದಿಂದ 90 ಮೈಲಿಗೂ ಹೆಚ್ಚು ದೂರ ತಂತಿ ಎಳೆಸಿಕೊಂಡು, ಬೆಂಗಳೂರಿಗಿಂತ ಮುಂಚೆ ಕರೆಂಟು ಕಂಡ ಊರು ಅಂತ ಎದೆ ಉಬ್ಬಿಸಿದ್ದು ಸಾಕು, ಒಂದು ಸ್ಟೆಬಿಲೈಸರ್ ತಂದು ಹಾಕಿ.

12. ಸಬ್‌ಟೈಟಲ್ ಇದೆಯಾ ಅಂತ ಡಬ್ಬಿಯ ಹಿಂದೆ ಓದಿ.

ಹಳೇ ಬ್ರಿಟಿಷ್ ಡಿಸ್ಕುಗಳಲ್ಲಿ ಎಷ್ಟಕ್ಕೋ ಅದು ಇರೋದೇ ಇಲ್ಲ. ನಮ್ಮ ಮನೆಗಳಲ್ಲಿ ಅಜ್ಜಿ ತಮಿಳು, ಸೊಸೆ ತೆಲುಗು, ಮೊಮ್ಮಗ ಕನ್ನಡ ಮೀಡಿಯಂ. 'ಸ್ಯಾಂಡ್‌ಬ್ಯಾಗರ್ಸ್' ಹಾಕಿ ಕೂರಿಸಿದರೆ ಹತ್ತೇ ನಿಮಿಷದಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ, ಅದು ಬರೀ ಮಾತಿನ ಮೇಲೆ ನಿಂತಿರುವ ಕಥೆ. ಮನೆಮಂದಿಗೆ ಬಣ್ಣದ 'ಅವೆಂಜರ್ಸ್' ಹಾಕಿ. ಕೊಡೆ ಹಿಡಿದ ಸ್ಟೀಡ್, ಒದೆಯುವ ಎಮ್ಮಾ ಪೀಲ್, ಭಾಷೆ ಬೇಕಿಲ್ಲ. ಎಮ್ಮಾ ಆದ ಡಯಾನಾ ರಿಗ್ ಚಿಕ್ಕಂದಿನಲ್ಲಿ ಬೆಳೆದದ್ದು ಬಿಕಾನೇರಿನಲ್ಲಿ, ಅಪ್ಪ ರೈಲ್ವೆ ಎಂಜಿನಿಯರು. 'ನ್ಯೂ ಅವೆಂಜರ್ಸ್'ನ ಜೊವಾನಾ ಲಮ್ಲಿ ಹುಟ್ಟಿದ್ದು ಶ್ರೀನಗರದಲ್ಲಿ. ಅಜ್ಜಿಗೆ ಇದನ್ನು ಹೇಳಿ, ಇನ್ನರ್ಧ ಗಂಟೆ ಕೂರುತ್ತಾರೆ. ಜೊತೆಗೆ ಬಂಗಾರಪೇಟೆಯಿಂದ ಪಾನಿಪೂರಿ ಕಟ್ಟಿಸಿಕೊಂಡು ಬಂದರೆ ಪೂರ್ತಿ ಕಂತು.

13. ಡಿಸ್ಕ್ ಕೊಟ್ಟರೆ ಬರೆದಿಡಿ. ಮೂರು ಡಿಸ್ಕಿನ ಡಬ್ಬಿಯಲ್ಲಿ ಒಂದನ್ನು ಮಾತ್ರ ಯಾರಿಗೂ ಕೊಡಬೇಡಿ, ಸ್ವಂತ ಭಾವಮೈದುನ ಕೇಳಿದರೂ.

14. ಕೆಳಗಿನ ಅರೆಯಲ್ಲಿ 999ಕ್ಕೆ ಜಾಗ ಬಿಡಿ.

'ಪ್ರಿಸನರ್' ಬ್ರಿಟನ್ನಿನಲ್ಲಿ ಮುಗಿದದ್ದು 1968ರ ಫೆಬ್ರವರಿಯಲ್ಲಿ. ಅದೇ ವರ್ಷ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆರೆಗೆ ತಂದು ಡಾ. ರಾಜ್‌ಕುಮಾರ್ ಅವರನ್ನು ಸಿಐಡಿ 999 ಪ್ರಕಾಶ್ ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ಕ್ಕೆ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಕೊನೆಗೆ 1978ರಲ್ಲಿ ಬಣ್ಣದ 'ಆಪರೇಷನ್ ಡೈಮಂಡ್ ರಾಕೆಟ್'. ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿದ್ದು ಇದರಲ್ಲೇ. ಬ್ರಿಟಿಷರ ಗೂಢಚಾರಿಗಳಿಗೆ ನಾವು ಹೊಸಬರು, ಆದರೆ ಈ ನಾಲ್ಕರ ವಿಷಯದಲ್ಲಿ ನಾವೇ ಆ ಅರವತ್ತು ದಾಟಿದ ಗಿರಾಕಿ. ಇಲ್ಲಿ ಬೆಲೆ ಕೇಳಬೇಡಿ.

ಇವನ್ನು ಹುಡುಕುವಾಗ ಸಿಗುವುದು ಬಹುಪಾಲು ವಿಸಿಡಿ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಅಂತ ದೇಶದ ಮಾರುಕಟ್ಟೆಯನ್ನೇ ಅಲ್ಲಾಡಿಸಿದ ಕಾಲ ನೆನಪಿರಬೇಕು. ಅಗ್ಗ ಅಂತ ಜನ ಜೋಪಾನ ಮಾಡಲಿಲ್ಲ. ಕವರಿಲ್ಲದೆ, ಒಂದರ ಮೇಲೊಂದು ಪೇರಿಸಿ, ಕೊನೆಗೆ ಬೈಕಿನ ಹಿಂದೆ ರಿಫ್ಲೆಕ್ಟರ್ ಮಾಡಿಕೊಂಡರು. ಹೊಲದಲ್ಲಿ ಹಕ್ಕಿ ಓಡಿಸೋಕೂ ಕಟ್ಟಿದರು. ಬ್ರಿಟನ್ನಿನಲ್ಲಿ ಯಾವ ಕಂತು ಅಳಿಸಿಹೋಯಿತು, ಯಾವುದು ಯಾವ ವರ್ಷ ಸಿಕ್ಕಿತು ಅಂತ ಲೆಕ್ಕ ಇಟ್ಟವರಿದ್ದಾರೆ. ನಮ್ಮ ಹಳೇ ಚಿತ್ರದ ಯಾವ ಪ್ರತಿಯಲ್ಲಿ ಎಷ್ಟು ನಿಮಿಷ ಕತ್ತರಿಸಿದ್ದಾರೆ ಅಂತ ಕೂಡಿಡುವವನೇ ಗಡಿಯಾರ ಹಿಡಿದು ಕೂರಬೇಕು. ಕೂತು ಬರೆಯಿರಿ: ಯಾವ ಕಂಪನಿಯ ಡಿಸ್ಕು, ಎಷ್ಟು ನಿಮಿಷ, ಯಾವ ಹಾಡಿಲ್ಲ.

ವಿಸಿಡಿಯ ಚಿತ್ರ ಬರೀ 352ಕ್ಕೆ 288 ಚುಕ್ಕಿ, ಒಂದು ಡಿಸ್ಕಿನಲ್ಲಿ ಹಿಡಿಯೋದು 74ರಿಂದ 80 ನಿಮಿಷ, ಹಾಗಾಗಿ ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕು. ಇವು ಬೇಕಾದಷ್ಟು ವರ್ಷ ಕಾಯುವುದಿಲ್ಲ. ಮೇಲಿನ ಬಣ್ಣದ ಪದರ ಸುಲಿದರೆ ಬೆಳ್ಳಿಯೂ ಸುಲಿದು ಬರುತ್ತದೆ. ಕೆಲವು ಬ್ಲೂ-ರೇ ಪ್ಲೇಯರ್‌ಗಳು ವಿಸಿಡಿಯನ್ನು ಓದುವುದೇ ಇಲ್ಲ, ಆದ್ದರಿಂದ ಹಳೇ ಡಿವಿಡಿ ಪ್ಲೇಯರ್ ಎಸೆಯಬೇಡಿ. ಇವತ್ತೇ ಕಂಪ್ಯೂಟರಿಗೆ ಹಾಕಿ, ಎಂಪಿಇಜಿಎವಿ ಅನ್ನುವ ಫೋಲ್ಡರ್ ತೆರೆಯಿರಿ, ಒಳಗಿರುವ ಡ್ಯಾಟ್ ಫೈಲನ್ನು ಹಾರ್ಡ್ ಡಿಸ್ಕಿಗೆ ಎಳೆದುಹಾಕಿ, ನಿಮ್ಮ ಮನೆ ಮಟ್ಟಿಗೆ ಒಂದು ಪ್ರತಿ ಇರಲಿ. ನಡುವೆ ಎಲ್ಲಾದರೂ ನಿಂತರೆ ಡಿಸ್ಕ್ ತೆಗೆದು ಒರೆಸಿ ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಮೊದಲು 'ಜೇಡರ ಬಲೆ', ಆಮೇಲೆ ಉಳಿದವು.